ಬಚ್ಚಲಮನೆಯ ಕಾವಲು

ಲಾಯ್‌ಳ ಚಹಾ ಅಂಗಡಿಗೆ ಬೋರ್ಡಿಲ್ಲ, ಬಾಗಿಲಿಲ್ಲ. ನೂಲಿನ ಗಿರಣಿಯ ಹಳೆಯ ವಸತಿಯಲ್ಲಿ ಮೆಟ್ಟಿಲು ಶುರುವಾಗುವ ಕಡೆ, ನಿಲ್ಲಿಸಿದ ಸ್ಕೂಟರುಗಳ ಪಕ್ಕ, ಮೊಣಕಾಲೆತ್ತರದ ಒಂದು ಮೇಜು, ಒಂದಷ್ಟು ಪ್ಲಾಸ್ಟಿಕ್ ಸ್ಟೂಲು, ಹತ್ತಿ ತುಂಬಿದ ಬುಟ್ಟಿಯೊಳಗೆ ಬೆಚ್ಚಗೆ ಕೂತ ಹಸಿರು ಚಹಾದ ದೊಡ್ಡ ಕೆಟಲು, ಸಾಲಾಗಿ ನಿಂತ ಫ್ಲಾಸ್ಕುಗಳು, ಗಾಜಿನ ಡಬ್ಬಿಯಲ್ಲಿ ಕಡಲೆಮಿಠಾಯಿ. ಇಷ್ಟಿದ್ದರೆ ಸಾಕು, ಊರ ವಿಷಯವೆಲ್ಲ ತಾನಾಗಿ ಬಂದು ಕೂರುತ್ತದೆ. ಬೇಸಿಗೆಯಲ್ಲಿ ಅಲ್ಲಿ ಮಾತೆಂದರೆ ಹಂದಿಮಾಂಸದ ದರ, ಮಕ್ಕಳ ಮದುವೆ, ಯಾರ ಮೊಣಕಾಲು ಹೇಗಿದೆ ಎಂಬುದು. ತುಂತುರು ಹಿಡಿದು, ಒಗೆದ ಬಟ್ಟೆ ವಾರವಾದರೂ ಒಣಗದ ಚಳಿಯ ದಿನಗಳಲ್ಲಿ ಮಾತೆಲ್ಲ ಬಿಸಿನೀರಿನದು.

“ಒಂದ್ಸಲ ಕುದಿಸಿದ ನೀರನ್ನ ಮತ್ತೆ ಕುದಿಸಬಾರದಂತೆ,” ಎಂದಳು ಥೋವಾ. ಅವಳ ಮೊಮ್ಮಗಳು ಹಳೆಯ ಫೋನು ಕೊಟ್ಟ ಮೇಲೆ ಥೋವಾಳಿಗೆ ದಿನಕ್ಕೊಂದು ಹೊಸ ‘ಬಾರದು’ ಗೊತ್ತಾಗುತ್ತಿತ್ತು.

“ಯಾಕೆ, ನೀರು ಬೇಜಾರು ಮಾಡ್ಕೊಳ್ಳುತ್ತಾ?” ಎಂದಳು ಲಾಯ್. “ನಾನು ಬೆಳಿಗ್ಗೆಯಿಂದ ಅದೇ ನೀರು ಕುದಿಸ್ತಿದೀನಿ, ಅದೇ ನೀನು ಕುಡೀತಿದೀಯ. ಸತ್ತಿದೀಯಾ?”

“ಇನ್ನೂ ಇಲ್ಲ.”

“ಹಂಗಾದ್ರೆ ಇನ್ನೊಂದು ಲೋಟ ಕುಡಿ.”

“ಆಮೇಲೆ ಬಿಸಿನೀರಲ್ಲಿ ಮುಖ ತೊಳೆದ್ರೆ ಚರ್ಮ ಸುಕ್ಕಾಗುತ್ತಂತೆ.”

“ನಮಗಿನ್ನೇನು ಉಳಿದಿದೆ ಸುಕ್ಕಾಗೋಕೆ,” ಎಂದಳು ಖುವೆ, ಮತ್ತು ಮೂವರೂ ನಕ್ಕರು.

ಮೂವರೂ ಗಿರಣಿಯ ಒಂದೇ ಸಾಲಿನಲ್ಲಿ ನೂಲು ತೆಗೆದವರು. ವಯಸ್ಸೆಲ್ಲ ಯಂತ್ರದ ಸದ್ದಿನಲ್ಲಿ ಕಳೆದವರ ಕಿವಿ ಅರ್ಧ ಮಂದ. ಹಾಗಾಗಿ ಅವರು ಗುಟ್ಟು ಹೇಳಿದರೂ ಅದು ಮೂರನೇ ಮಹಡಿಗೆ ಹೋಗಿ ಮುಟ್ಟುತ್ತಿತ್ತು. ಅದು ಉಳಿದ ಮನೆಗಳವರಿಗೆ ಗೊತ್ತಿತ್ತು. ಆ ಮೂವರಿಗೆ ಮಾತ್ರ ಗೊತ್ತಿರಲಿಲ್ಲ, ಯಾಕೆಂದರೆ ಅವರ ಪಾಲಿಗೆ ಅದು ಪಿಸುಮಾತು.

ಖುವೆಯ ಮನೆ ಎರಡನೇ ಮಹಡಿಯಲ್ಲಿ. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಮಗ ಕಿಯೆನ್ ಲಾರಿ ಓಡಿಸುತ್ತಾನೆ. ಗಡಿಯಿಂದ ದಕ್ಷಿಣದ ಬಯಲಿನವರೆಗೆ ದೇಶದ ಉದ್ದಕ್ಕೂ ಹೋಗಿಬರುವ ಕೆಲಸ. ಹಾಗೆ ಹೋದವನು ಒಂದು ಸಲ ದಕ್ಷಿಣದ ಕಾನ್ ಥೋ ಕಡೆಯ ಹುಡುಗಿಯನ್ನು ಮದುವೆಯಾಗಿ ಬಂದ. ಹುಡುಗಿಯ ಹೆಸರು ಲುವಾ. ಆ ಬೇಸಿಗೆಯಲ್ಲೇ ಮದುವೆ ಮುಗಿದರೂ ಅವಳು ಅತ್ತೆಯ ಮನೆಗೆ ಬಂದು ನೆಲೆಸಿದ್ದು ಚಳಿ ಶುರುವಾದಾಗ. ನದಿಯ ನೀರಲ್ಲಿ ಬೆಳೆದವಳು, ಹುಟ್ಟಿದಾಗಿನಿಂದ ಸ್ವೆಟರು ಕಂಡವಳಲ್ಲ. ಖುವೆಯನ್ನು ಅವಳು ಅಮ್ಮ ಎನ್ನಲು ತನ್ನ ಕಡೆಯವರಂತೆ ‘ಮಾ’ ಎನ್ನುತ್ತಿದ್ದಳು. ಮೊದಮೊದಲು ಖುವೆಗೆ ಅದು ಬೇರೆ ಯಾರನ್ನೋ ಕರೆದಂತೆ ಕೇಳುತ್ತಿತ್ತು.

“ನಿನ್ನ ಸೊಸೆ ಈವತ್ತೂ ಸ್ನಾನ ಮಾಡಿದ್ಲಾ?” ಎಂದು ಲಾಯ್ ಕೇಳುವಳು.

“ದಿನಾ ಕಣೇ. ಈ ಚಳೀಲಿ. ನಾವು ಮೂರು ದಿನಕ್ಕೊಮ್ಮೆ ಮೈ ಒರೆಸಿಕೊಂಡ್ರೆ ಅದೇ ಹೆಚ್ಚು. ಇದು ಮೀನಿನ ಜಾತಿ, ನೀರಿಲ್ಲದಿದ್ರೆ ಒದ್ದಾಡುತ್ತೆ.”

“ಮಾಡ್ಲಿ ಬಿಡೇ. ಗೀಸರ್ ಇದೆಯಲ್ಲ.”

“ಗೀಸರ್ ಇರೋದೇ ಕಷ್ಟ.”

ಇಲ್ಲಿಗೆ ಬಂದರೆ ಮೂವರೂ ದನಿ ತಗ್ಗಿಸಿ ಹಳೆಯ ಕಥೆಗೆ ಹೋಗುತ್ತಿದ್ದರು. ಯಾಕೆಂದರೆ ಅವರಿಗೆ ಥಾಮ್ ನೆನಪಿದ್ದಳು.

ಥಾಮ್ ಖುವೆಯ ತಂಗಿ. ವಸತಿಯಲ್ಲಿ ಗೀಸರ್ ಎಂಬುದು ಮೊದಲು ಬಂದದ್ದು ಅವಳ ಮನೆಗೆ. ಅವಳ ಗಂಡ ಎಲ್ಲಿಂದಲೋ ಹೊತ್ತುಕೊಂಡು ಬಂದು ಗೋಡೆಗೆ ಹೊಡೆದ, ತಂತಿ ಜೋಡಿಸಿದ. ಅರ್ಥಿಂಗ್ ಎಂದರೆ ಏನೆಂದು ಆಗ ಯಾರಿಗೆ ಗೊತ್ತಿತ್ತು! ನೆರೆಹೊರೆಯವರೆಲ್ಲ ಬಂದು ನಲ್ಲಿಗೆ ಕೈಯೊಡ್ಡಿ, ಬೆಂಕಿಯಿಲ್ಲದೆ ಬಿಸಿಯಾದ ನೀರನ್ನು ಮುಟ್ಟಿ ನೋಡಿಹೋದರು. ಹೊಸವರ್ಷದ ಹಬ್ಬದ ಮುಂಚಿನ ಒಂದು ಮಧ್ಯಾಹ್ನ ಸ್ನಾನಕ್ಕೆ ಹೋದ ಥಾಮ್ ಜೀವಂತ ಹೊರಗೆ ಬರಲಿಲ್ಲ. ಖುವೆ ಅದೇ ಮನೆಯ ಅಡುಗೆಮನೆಯಲ್ಲಿ ಕೂತು ಈರುಳ್ಳಿ ಸುಲಿಯುತ್ತಿದ್ದಳು. ಸ್ವಿಚ್ಚು ಅವಳ ತಲೆಯ ಮೇಲೆ, ಕೈಯೆತ್ತಿದರೆ ಸಿಗುವಷ್ಟು ಹತ್ತಿರ. ಸ್ನಾನಕ್ಕೆ ಮುಂಚೆ ಅದನ್ನು ಆರಿಸಬೇಕೆಂದು ಅಂದಿನವರೆಗೆ ಯಾರೂ ಹೇಳಿರಲಿಲ್ಲ. ಅಂದಿನಿಂದ ಆ ವಸತಿಯಲ್ಲಿ ಹೇಳದವರಿಲ್ಲ. ನೀರು ಕಾಯಿಸು, ಆರಿಸು, ಆಮೇಲೆ ನಲ್ಲಿ ತಿರುಗಿಸು. ಊಟಕ್ಕೆ ಮುಂಚೆ ಕೈ ತೊಳೆಯುವುದನ್ನು ಮರೆತ ಮಕ್ಕಳೂ ಇದನ್ನು ಮರೆಯುವುದಿಲ್ಲ.

ಖುವೆ ಅದಾದ ಮೇಲೆ ಎಷ್ಟೋ ವರ್ಷ ತನ್ನ ಮನೆಗೆ ಗೀಸರ್ ತರಗೊಡಲಿಲ್ಲ. ಪಾತ್ರೆಯಲ್ಲಿ ಕಾಯಿಸಿ ಬಕೆಟ್ಟಿಗೆ ಸುರಿದೇ ಮಗನನ್ನು ಬೆಳೆಸಿದಳು. ಕೊನೆಗೆ, ಲುವಾ ಬರುವ ಮುಂಚೆ, ಕಿಯೆನ್ ಹಟ ಹಿಡಿದು ತಂದ. ಅಮ್ಮನ ಭಯ ಗೊತ್ತಿದ್ದವನು. ಅವನೇ ಕೂತು ತಂತಿ ಎಳೆದ, ಅರ್ಥಿಂಗ್ ಕೊಟ್ಟ, ಮತ್ತು ಒಂದರ ಬದಲು ಎರಡು ಸ್ವಿಚ್ಚು ಹಾಕಿದ. ಒಂದು ಬಚ್ಚಲ ಬಾಗಿಲ ಪಕ್ಕ, ಇನ್ನೊಂದು ಅಡುಗೆಮನೆಯ ಗೋಡೆಯಲ್ಲಿ, ಅಮ್ಮ ಕೂರುವ ಜಾಗದಲ್ಲೇ. “ನೋಡಮ್ಮ, ಮೆಟ್ಟಿಲ ದೀಪದ ಹಂಗೇ ಮಾಡಿದೀನಿ. ನೀನು ಕೂತಲ್ಲಿಂದಲೇ ಆರಿಸಬಹುದು,” ಎಂದ. ಖುವೆ ಇದನ್ನು ಕೆಳಗೆ ಹೋಗಿ ಹೇಳಿಕೊಂಡು ಮೆರೆದಳು. ಎರಡು ಸ್ವಿಚ್ಚಿನ ಗೀಸರ್ ಇಡೀ ವಸತಿಯಲ್ಲಿ ಅವಳದೊಂದೇ. ತಾನು ಸ್ನಾನಕ್ಕೆ ಹೋಗುವಾಗ ಅಡುಗೆಮನೆಯದನ್ನು ಒಮ್ಮೆ ಒತ್ತಿ ಕಾಯಿಸುವಳು, ಇನ್ನೊಮ್ಮೆ ಒತ್ತಿ ಆರಿಸುವಳು. ಕಿಯೆನ್ ತಂದ ಬಿಳಿ ಸ್ವಿಚ್ಚಿಗೆ ಮೇಲೂ ಇಲ್ಲ, ಕೆಳಗೂ ಇಲ್ಲ, ದೀಪವೂ ಇಲ್ಲ. ಒತ್ತಿದರೆ ‘ಟಕ್’ ಎನ್ನುತ್ತದೆ, ಅಷ್ಟೇ. ಹತ್ತಿದೆಯೋ ಆರಿದೆಯೋ ತಿಳಿಯಬೇಕಾದರೆ ಬಚ್ಚಲೊಳಗೆ ಹೋಗಿ ಗೀಸರಿನ ಹೊಟ್ಟೆಯ ಮೇಲಿನ ಕೆಂಪು ಚುಕ್ಕಿ ನೋಡಬೇಕು.

ಲುವಾ ಬಂದ ದಿನದಿಂದ ಖುವೆಗೆ ಹೊಸ ಕೆಲಸವೊಂದು ಅಂಟಿತು. ಮಗ ಮನೆಯಲ್ಲಿಲ್ಲದಾಗ ಹುಡುಗಿ ಟವೆಲು ಹೆಗಲಿಗೆ ಹಾಕಿಕೊಂಡಳೆಂದರೆ ಇವಳು ಅಡುಗೆಮನೆಗೆ ಹೋಗಿ ಕೂರುವಳು. ಒಳಗೆ ಚಿಲಕ ಬೀಳುವುದನ್ನು ಕಾಯುವಳು. ಬಿದ್ದ ಕೂಡಲೇ ಗೋಡೆಗೆ ಕೈ ಚಾಚಿ ಒತ್ತುವಳು. ಟಕ್. ಆಮೇಲೆ ಹುಡುಗಿ ಹೊರಗೆ ಬರುವವರೆಗೆ ಅಲ್ಲಿಂದ ಏಳುವುದಿಲ್ಲ. ಪಾತ್ರೆ ಉಜ್ಜುವಳು, ಬೆಳ್ಳುಳ್ಳಿ ಸುಲಿಯುವಳು, ಏನೂ ಇಲ್ಲದಿದ್ದರೆ ಸುಮ್ಮನೆ ಕೂರುವಳು. ಗೋಡೆಯ ಹಳೆಯ ಪೈಪು ನೀರು ಹರಿದಾಗ ಗುದ್ದಿದಂತೆ ಸದ್ದು ಮಾಡುತ್ತದೆ. ಆ ಸದ್ದು ಅವಳ ಮಂದ ಕಿವಿಗೂ ಕೇಳುತ್ತದೆ. ಖುವೆಗೆ ಬೇಕಾಗಿದ್ದು ಒಂದೇ. ಬಚ್ಚಲಿಗೆ ಹೋದ ಹುಡುಗಿ ಹೋದ ಹಾಗೇ ಹೊರಗೆ ಬರಬೇಕು. ಅವಳ ಅಡುಗೆ ಸಿಹಿಯಾಗಿರಲಿ, ಮಾತು ಅರ್ಥವಾಗದಿರಲಿ, ಅವೆಲ್ಲ ಆಮೇಲಿನ ಮಾತು.

ಆದರೆ ಕಾಳಜಿಗೂ ಬೈಗುಳಕ್ಕೂ ಒಂದೇ ಬಾಯಿ. ಕೆಳಗೆ ಬಂದು ಕೂತರೆ ಬರುತ್ತಿದ್ದುದು ಬೈಗುಳ.

“ನೆಟ್ಟಗೆ ಒಂದು ಸ್ವಿಚ್ಚು ಆರಿಸೋಕೆ ಬರಲ್ಲ ಕಣೇ ಅದಕ್ಕೆ. ಬಂದ ಹೊಸದ್ರಲ್ಲಿ ಬೆಳಿಗ್ಗೆ ಸ್ನಾನ ಮಾಡಿ ಬಿಟ್ರೆ ಸಂಜೆ ತನಕ ಗೀಸರ್ ಉರೀತಾನೇ ಇರೋದು. ಪೈಪು ಮುಟ್ಟಿದ್ರೆ ಕೈ ಸುಡೋದು.”

“ಹೇಳೋಕೇನು ದಾಡಿ?”

“ಹೇಳಿದ್ರೆ ‘ಹೂಂ ಮಾ’ ಅನ್ನುತ್ತೆ. ಅದರ ‘ಹೂಂ’ ಯಾವುದು ‘ಉಹೂಂ’ ಯಾವುದು ನನಗಂತೂ ಗೊತ್ತಾಗಲ್ಲ. ಈಗ ನಾನೇ ಕಾವಲಿದ್ದು ಆರಿಸ್ತೀನಿ, ಅದಕ್ಕೇ ಸರಿಹೋಗಿದೆ. ನಾನಿಲ್ದಿದ್ರೆ ಏನು ಗತಿ ಹೇಳು.”

“ಅತ್ತೆ ಅಂದ್ರೆ ಇರೋದೇ ಅದಕ್ಕೆ,” ಎಂದು ಥೋವಾ ಒಗ್ಗರಣೆ ಹಾಕುವಳು.

“ಇನ್ನೊಂದು ಕೇಳು. ಒಳಗೆ ಹೋಗಿ ಚಿಲಕ ಹಾಕಿದ್ರೆ ಎಷ್ಟೋ ಹೊತ್ತು ನೀರಿನ ಸದ್ದೇ ಇರಲ್ಲ. ನಾನು ಕುಕ್ಕರ್ ಇಳಿಸೋದೋ ಮತ್ತೊಂದೋ ಮಾಡಿ ಒಂಚೂರು ತಡವಾಗಿ ಒತ್ತಿದ್ರೂ ಪೈಪು ಸುಮ್ನೆ ಇರುತ್ತೆ. ಒಳಗೆ ಏನು ಮಾಡುತ್ತೋ! ಕನ್ನಡಿ ನೋಡ್ಕೊಂಡು ನಿಂತಿರುತ್ತೋ ಏನೋ.”

“ಹೊಸ ಹುಡುಗಿ, ನೋಡ್ಕೊಳ್ಳಿ. ನಾವೂ ನೋಡ್ಕೊಂಡಿದ್ವಿ.”

“ಈ ಚಳೀಲಿ ಮೈಮೇಲೆ ಬಟ್ಟೆಯಿಲ್ದೆ ಯಾವಳು ನೋಡ್ಕೊಳ್ತಾಳೆ?”

ಮಾತು ಫ್ಲಾಸ್ಕಿನ ಬಿರಟೆಯ ಕಡೆಗೆ ಹೊರಳಿತು.

ಚಾಂದ್ರಮಾನ ವರ್ಷದ ಕೊನೆಯ ದಿನ ಬಂತು, ಮರುದಿನ ಹೊಸವರ್ಷದ ಹಬ್ಬ. ಬೆಳಿಗ್ಗೆಯೇ ಸಂತೆಗೆ ಹೋಗಿ ಖುವೆ ಬಲಿತ ಕೊತ್ತಂಬರಿಯ ದೊಡ್ಡ ಕಟ್ಟು ತಂದಳು. ಹೂವಾಗಿ, ಕಾಯಿಕಟ್ಟಿ, ಕಾಂಡ ಕೆಂಪಾದ ಗಿಡ. ಆ ದಿನ ಮಧ್ಯಾಹ್ನ ಅದನ್ನು ಬೇರುಸಹಿತ ಕುದಿಸಿ, ಆ ನೀರಲ್ಲಿ ಮನೆಯವರೆಲ್ಲ ಮೀಯಬೇಕು. ಹಳೆಯ ವರ್ಷದ ಕೊಳೆ, ಜಗಳ, ಕೆಟ್ಟ ಮಾತು ಎಲ್ಲ ಅದರ ಜೊತೆ ಮೋರಿಗೆ ಹೋಗುತ್ತದೆ. ಆ ಸಂಜೆ ಇಡೀ ಬೀದಿಗೆ ಬೀದಿಯೇ ಕೊತ್ತಂಬರಿಯ ವಾಸನೆ ಹೊಡೆಯುತ್ತದೆ. ಲುವಾಳ ಊರಲ್ಲಿ ಈ ಪದ್ಧತಿಯಿಲ್ಲ. ಕಟ್ಟು ನೋಡಿ ಅವಳು, “ಇಷ್ಟೊಂದು ಯಾವ ಸಾರಿಗೆ ಮಾ?” ಎಂದಳು. ಖುವೆ ನಗು ತಡೆದುಕೊಂಡು, “ನಿನಗೇ,” ಎಂದಳು. ಹುಡುಗಿ ತನ್ನ ಊರಿನ ಹಬ್ಬದ ಅಡುಗೆ, ಎಳನೀರಿನಲ್ಲಿ ಹಂದಿಮಾಂಸ ಬೇಯಿಸುವುದು, ಅದರಲ್ಲಿ ಮುಳುಗಿಹೋಗಿದ್ದಳು.

ಕಟ್ಟನ್ನು ಮನೆಯಲ್ಲಿಟ್ಟು ಖುವೆ ಕೆಳಗಿಳಿದಳು. ವರ್ಷದ ಕೊನೆಯ ಚಹಾ. ಇಳಿಯುವಾಗ ಮೆಟ್ಟಿಲ ದೀಪ ಹತ್ತಿದೆಯೋ ಇಲ್ಲವೋ ನೋಡದೆ, ಆರಿಸಲೆಂದು ಮೇಲಿನ ಗೋಡೆಯ ಸ್ವಿಚ್ಚನ್ನು ಒತ್ತಿಕೊಂಡು ಬರುವುದು ಅವಳ ಅಭ್ಯಾಸ. ಇವತ್ತೂ ಒತ್ತಿದಳು.

“ಅಯ್ಯೋ ಇವಳ!” ಕೆಳಗಿನಿಂದ ಲಾಯ್ ಕೂಗಿದಳು. “ಈಗ ತಾನೆ ಆರಿಸಿದೆ, ಬಂದು ಹಚ್ಚಿದ್ಯಲ್ಲೇ!”

“ನಾನು ಆರಿಸಿದೆ ಕಣೇ.”

“ನೀನು ಆರಿಸಿದ್ದು ಹೌದು, ಹತ್ತಿದ್ದೂ ಹೌದು. ಕತ್ತೆತ್ತಿ ನೋಡು.”

ಖುವೆ ಕತ್ತೆತ್ತಿದಳು. ಹಗಲಿನ ಮಬ್ಬಿನಲ್ಲಿ ಮೆಟ್ಟಿಲ ಬಲ್ಬು ಹಳದಿಯಾಗಿ ಉರಿಯುತ್ತಿತ್ತು.

“ಕೆಳಗೊಂದು ಸ್ವಿಚ್ಚು, ಮೇಲೊಂದು ಸ್ವಿಚ್ಚು,” ಎಂದಳು ಲಾಯ್, ಚಹಾ ಬಗ್ಗಿಸುತ್ತ. “ಒಬ್ಬಳು ಆರಿಸಿದ್ರೆ ಆರುತ್ತೆ. ಇಬ್ಬರೂ ಆರಿಸಿದ್ರೆ ಹತ್ತುತ್ತೆ. ಗಿರಣಿ ಕಾಲದಿಂದ ಹಂಗೇ ಇದೆ, ಇವಳಿಗೆ ಈವತ್ತು ಹೊಸದು.”

“ಇವಳ ಮಗನೂ ಗೀಸರಿಗೆ ಹಂಗೇ ಮಾಡಿದಾನಲ್ಲ,” ಎಂದಳು ಥೋವಾ. “ಮೆಟ್ಟಿಲ ದೀಪದ ಹಂಗೆ ಅಂತ ಅವತ್ತು ಜಂಬ ಕೊಚ್ಕೊಂಡಿದ್ದೇ ಕೊಚ್ಕೊಂಡಿದ್ದು.”

ಥೋವಾ ಅದನ್ನು ಸುಮ್ಮನೆ ಚುಚ್ಚಲು ಹೇಳಿದ್ದು. ಹೇಳಿ ಮಿಠಾಯಿ ಕಡಿದಳು. ಖುವೆ ಕೂರಲು ಬಗ್ಗಿದವಳು ಕೂರಲಿಲ್ಲ. ಕೈಗೆ ಬಂದ ಲೋಟವನ್ನು ಮೇಜಿನ ಮೇಲಿಟ್ಟಳು.

“ಏನಾಯ್ತೇ?”

“ಏನಿಲ್ಲ. ಕಿಯೆನ್‌ಗೆ ಫೋನ್ ಮಾಡ್ಬೇಕು.”

ಸ್ಕೂಟರುಗಳ ಆಚೆ, ತುಂತುರಿನಲ್ಲಿ ನಿಂತು ಫೋನು ಮಾಡಿದಳು. ಮಗ ದಾರಿಯಲ್ಲಿದ್ದ. ಸಂಜೆಗೆ ಮನೆ ಸೇರುತ್ತೇನೆಂದ. ಹಿಂದೆ ಹಾರ್ನುಗಳ ಗದ್ದಲ.

“ಕಿಯೆನ್, ಲುವಾಗೆ ಗೀಸರ್ ಆರಿಸೋದು ಹೇಳಿಕೊಟ್ಟಿದೀಯೇನೋ?”

“ಏನಮ್ಮ ಈಗ? ಬಂದ ದಿನವೇ ಹೇಳಿಕೊಟ್ಟಿದೀನಿ. ಚಿಕ್ಕಮ್ಮನ ವಿಷಯ ಹೇಳ್ಲಿಲ್ಲ, ಹೆದರ್ತಾಳೆ ಅಂತ. ಆದ್ರೆ ಒಳಗೆ ಹೋಗೋ ಮುಂಚೆ ಬಾಗಿಲ ಪಕ್ಕದ್ದು ಒತ್ತು ಅಂತ ಹತ್ತು ಸಲ ಹೇಳಿದೀನಿ.”

“ಒತ್ತುತ್ತಾಳಾ?”

“ನಾನು ಮನೇಲಿದ್ದಾಗ ನೋಡಿದೀನಮ್ಮ, ಮರೆಯಲ್ಲ. ನೀನು ಹೇಳೋಷ್ಟು ದಡ್ಡಿಯಲ್ಲ ಅವಳು. ಯಾಕೆ, ಏನಾಯ್ತು?”

“ಏನಿಲ್ಲ. ನೀನು ನಿಧಾನವಾಗಿ ಬಾ.”

ಫೋನು ಇಟ್ಟ ಮೇಲೂ ಖುವೆ ಅಲ್ಲೇ ನಿಂತಿದ್ದಳು. ಹುಡುಗಿ ಆರಿಸಿ ಒಳಗೆ ಹೋಗುತ್ತಾಳೆ. ಚಿಲಕ ಬೀಳುತ್ತದೆ. ಆಮೇಲೆ ನಾನು ಒತ್ತುತ್ತೇನೆ. ಒತ್ತಿ ಹಚ್ಚುತ್ತೇನೆ. ಹಚ್ಚಿಟ್ಟು, ಕೂತು, ಕಾವಲು ಕಾಯುತ್ತೇನೆ. ದಿನಾ. ತಂಗಿ ಸತ್ತ ದಿನ ಚಾಚದೆ ಕೂತಿದ್ದ ಕೈಯನ್ನು ಅವಳು ಇಷ್ಟು ವರ್ಷ ಬೈದುಕೊಂಡು ಬಂದಿದ್ದಳು. ಈಗ ಅದೇ ಕೈ ದಿನಾ ಚಾಚಿ, ತಾನೇ ಮುಂದಾಗಿ, ಆ ಹುಡುಗಿಯ ತಲೆಯ ಮೇಲೆ ಕರೆಂಟು ಹರಿಸುತ್ತಿತ್ತು. ಖುವೆಗೆ ಭಯ ಎಷ್ಟಾಯಿತೋ ನಾಚಿಕೆಯೂ ಅಷ್ಟೇ ಆಯಿತು. ಸ್ವಿಚ್ಚು ಆರಿಸಲು ಬರುವುದಿಲ್ಲವೆಂದು ಹುಡುಗಿಯ ಮಾನವನ್ನು ಮೆಟ್ಟಿಲ ಬುಡದಲ್ಲಿ ದಿನಾ ಹರಾಜು ಹಾಕಿದ್ದೂ ಇದೇ ಬಾಯಿ.

“ಮಗ ಬರ್ತಾನಂತಾ?” ಎಂದಳು ಲಾಯ್.

“ಬರ್ತಾನೆ,” ಎಂದು ಖುವೆ ಚಹಾ ಕುಡಿಯದೆ ಮೇಲೆ ಹೋದಳು. ಹೋಗುವಾಗ ಮೆಟ್ಟಿಲ ಸ್ವಿಚ್ಚನ್ನು ಮುಟ್ಟಲಿಲ್ಲ.

ಇನ್ನು ಮುಂದೆ ಅಡುಗೆಮನೆಯ ಸ್ವಿಚ್ಚಿಗೆ ಕೈ ಹಚ್ಚುವುದಿಲ್ಲವೆಂದು ಅವಳು ಆಣೆ ಮಾಡಿಕೊಂಡಳು. ಹುಡುಗಿಗೆ ಹೇಳುವುದು ಹೇಗೆಂದು ತಿಳಿಯಲಿಲ್ಲ. ‘ಇಷ್ಟು ದಿನ ನಿನ್ನನ್ನು ನಾನೇ ಸಾವಿನ ಬಾಯಿಗೆ ಕೊಡುತ್ತಿದ್ದೆ’ ಎಂದು ಹಬ್ಬದ ದಿನ ಯಾವ ಅತ್ತೆ ಹೇಳುತ್ತಾಳೆ? ಸಂಜೆ ಮಗ ಬರಲಿ, ಸದ್ದಿಲ್ಲದೆ ಒಂದು ಸ್ವಿಚ್ಚು ಕೀಳಿಸಿದರಾಯಿತು. ಅಷ್ಟರವರೆಗೆ ಕೈ ಸುಮ್ಮನಿದ್ದರೆ ಸಾಕು.

ದೊಡ್ಡ ಪಾತ್ರೆಯಲ್ಲಿ ಕೊತ್ತಂಬರಿ ಕುದಿಯಿತು. ನೀರು ಚಹಾದ ಬಣ್ಣಕ್ಕೆ ತಿರುಗಿ, ಮನೆಯ ಮೂಲೆಮೂಲೆಗೂ ವಾಸನೆ ಹರಡಿತು. ಹಿರಿಯಳಾದ್ದರಿಂದ ಮೊದಲು ಖುವೆಯೇ ಮಿಂದಳು. ಗೀಸರ್ ತಂಟೆಗೆ ಹೋಗದೆ, ಪಾತ್ರೆಯ ನೀರಿಗೇ ತಣ್ಣೀರು ಬೆರೆಸಿ ತಲೆಯಿಂದ ಸುರಿದುಕೊಂಡಳು. ಕೆಟ್ಟ ಮಾತೆಲ್ಲ ಮೋರಿಗೆ ಹೋಗುತ್ತದೆ ಎಂಬುದನ್ನು ಅವಳು ಯಾವತ್ತೂ ಅಷ್ಟಾಗಿ ನಂಬಿದವಳಲ್ಲ. ಇವತ್ತು ನಂಬಲು ಆಸೆಯಾಯಿತು.

ಆಮೇಲೆ ಲುವಾ ಒಲೆ ಸಣ್ಣದು ಮಾಡಿ, ಟವೆಲು ಹೆಗಲಿಗೆ ಹಾಕಿದಳು. ಉಳಿದ ಕೊತ್ತಂಬರಿ ನೀರನ್ನು ಖುವೆ ಬಕೆಟ್ಟಿಗೆ ಸುರಿದು ಬಚ್ಚಲಲ್ಲಿಟ್ಟಳು.

“ಮೊದಲು ಗೀಸರ್ ನೀರಲ್ಲಿ ಮೈ ತೊಳ್ಕೊ. ಕೊನೆಗೆ ಇದನ್ನ ಸುರ್ಕೊ. ಆಮೇಲೆ ಬೇರೆ ನೀರು ಹಾಕ್ಬಾರದು. ತಿಳೀತಾ?”

“ಹೂಂ ಮಾ.”

ಚಿಲಕ ಬಿತ್ತು.

ಖುವೆ ಅಡುಗೆಮನೆಯಲ್ಲಿ ತನ್ನ ಮಣೆಯ ಮೇಲೆ ಕೂತಳು. ಬಲಗೈ ತಾನಾಗಿ ಮೇಲೆದ್ದಿತು. ಅದನ್ನು ಹಿಡಿದು ತೊಡೆಯ ಕೆಳಗಿಟ್ಟು, ಮೇಲೆ ಕೂತಳು. ಎಳನೀರಿನ ಮಾಂಸ ಸಣ್ಣಗೆ ಕುದಿಯುತ್ತಿತ್ತು. ಪೈಪಿನ ಕಡೆ ನೋಡಿದಳು. ಸದ್ದಿಲ್ಲ.

ಕನ್ನಡಿ ನೋಡುತ್ತಿರಬೇಕು, ನೋಡಲಿ ಎಂದುಕೊಂಡಳು.

ಬೆಳ್ಳುಳ್ಳಿ ಸುಲಿಯಲು ಕೈ ಬೇಕಿತ್ತು, ಕೈ ಬಿಡುವಂತಿರಲಿಲ್ಲ. ಹಾಗೇ ಕೂತಳು. ಕಿಟಕಿಯಾಚೆ ಯಾರೋ ಮಕ್ಕಳನ್ನು ಸ್ನಾನಕ್ಕೆ ಕೂಗುತ್ತಿದ್ದರು. ಮೇಲಿನ ಮನೆಯವರ ಪೈಪು ಗುದ್ದಿತು, ನಿಂತಿತು. ತನ್ನದು ಗುದ್ದಲಿಲ್ಲ. ಬಕೆಟ್ಟಿನ ಕೊತ್ತಂಬರಿ ನೀರು ಇಷ್ಟು ಹೊತ್ತಿಗೆ ಉಗುರುಬೆಚ್ಚಗಾಗಿರಬೇಕು. ಇನ್ನು ಸ್ವಲ್ಪ ಹೊತ್ತಾದರೆ ತಣ್ಣೀರು. ಥಾಮ್ ಸತ್ತ ದಿನವೂ ಹೀಗೇ, ಸದ್ದಿಲ್ಲದ್ದನ್ನು ಖುವೆ ಬಹಳ ಹೊತ್ತು ಗಮನಿಸಿರಲಿಲ್ಲ.

ಎದ್ದಳು. ಬಚ್ಚಲ ಬಾಗಿಲಿಗೆ ಅಂಗೈಯಿಂದ ಬಡಿದಳು.

“ಲುವಾ! ಏ ಲುವಾ!”

“ಮಾ!” ಒಳಗಿನಿಂದ ಕೂಗು ಬಂತು. ದನಿ ನಡುಗುತ್ತಿತ್ತು.

ಖುವೆ ಬಾಗಿಲಿಗೆ ಹಣೆ ಆನಿಸಿದಳು. ಉಸಿರು ಬಂದ ಮೇಲೆ ಸಿಟ್ಟೂ ಬಂತು.

“ಬದುಕಿದೀಯಾ! ನಲ್ಲಿ ಬಿಡದೆ ಒಳಗೇನು ಮಾಡ್ತಿದೀಯೇ?”

“ಕಾಯ್ತಿದೀನಿ ಮಾ.”

“ಏನನ್ನ ಕಾಯ್ತಿದೀಯ?”

“ನೀವು ಒತ್ತೋದನ್ನ. ನೀವು ಒತ್ಲಿಲ್ಲ ಇನ್ನೂ. ಕೆಂಪು ದೀಪ ಉರೀತಾನೇ ಇದೆ.”

ಖುವೆಗೆ ಅರ್ಥವಾಗಲಿಲ್ಲ. “ನೀನು ಒಳಗೆ ಹೋಗುವಾಗ ಬಾಗಿಲ ಹತ್ತಿರದ್ದು ಆರಿಸ್ಲಿಲ್ವಾ?”

“ಇಲ್ಲ ಮಾ.”

“ಕಿಯೆನ್ ಹೇಳಿಕೊಟ್ಟಿದಾನಲ್ಲ!”

“ಅವರಿದ್ದಾಗ ಆರಿಸ್ತೀನಿ, ಅವತ್ತು ನೀವು ಕಾವಲು ಕೂರಲ್ವಲ್ಲ. ನೀವಿದ್ದಾಗ ಹಂಗೇ ಬಿಟ್ಟು ಬರ್ತೀನಿ.” ಹಲ್ಲು ಕಟಕಟ ಎನ್ನುವುದು ಮಂದ ಕಿವಿಗೂ ಕೇಳಿತು. “ಮೊದಲ ವಾರ ನಾನೂ ಆರಿಸ್ತಿದ್ದೆ ಮಾ. ನಾನು ಆರಿಸಿ ಒಳಗೆ ಬರ್ತಿದ್ದೆ, ನೀವು ಅಲ್ಲಿಂದ ಟಕ್ ಅನ್ನಿಸ್ತಿದ್ರಿ, ಇಲ್ಲಿ ದೀಪ ಹತ್ತೋದು. ಆಮೇಲೆ ತಿಳೀತು. ಅದಕ್ಕೇ ಈಗ ಹಚ್ಚಿಟ್ಟೇ ಬರ್ತೀನಿ. ನೀವು ಒತ್ತಿದ್ಮೇಲೆ ದೀಪ ಆರುತ್ತೆ. ಆರಿದ್ಮೇಲೇ ನಲ್ಲಿ ಮುಟ್ಟೋದು.”

“ನಾನು ಒತ್ತೋದು ತಡವಾದ್ರೆ?”

“ನಿಂತಿರ್ತೀನಿ.”

“ಈ ಚಳೀಲಿ?”

ಖುವೆ ಬಾಗಿಲಿಗೆ ಮತ್ತೆ ಅಂಗೈ ಬಡಿದಳು.

“ನನಗೆ ಹೇಳೋಕೇನಾಗಿತ್ತೇ ನಿನಗೆ! ‘ಮಾ, ನೀವು ಒತ್ತಬೇಡಿ’ ಅಂತ ಒಂದು ಮಾತು!”

“ಹೇಳಿದ್ರೆ ನೀವು ಹೆದರ್ತೀರ. ಇಷ್ಟು ದಿನ ಹಚ್ತಿದ್ನಲ್ಲ ಅಂತ ನಿದ್ದೆ ಮಾಡಲ್ಲ. ನಿಮ್ಮ ತಂಗಿ ವಿಷಯ ನನಗೆ ಗೊತ್ತು.”

“ಯಾರು ಹೇಳಿದ್ರು? ಕಿಯೆನ್ ಹೇಳ್ಲಿಲ್ಲ ಅಂದ.”

“ನೀವೇ ಮಾ. ಕೆಳಗೆ ಚಹಾ ಕುಡೀತಾ ನೀವು ಮೂವರು ಮಾತಾಡೋದು ಮೇಲೆ ಅಡುಗೆಮನೆಗೆ ಚೆನ್ನಾಗಿ ಕೇಳುತ್ತೆ.”

ಖುವೆ ಬಾಗಿಲಿಗೆ ಕೈಕೊಟ್ಟು ನಿಂತಳು. ಹಾಗಾದರೆ ಥಾಮ್ ಕಥೆಯೊಂದೇ ಕೇಳಿಸಿಲ್ಲ. ಮೀನಿನ ಜಾತಿ ಕೇಳಿಸಿದೆ. ಕನ್ನಡಿ ಕೇಳಿಸಿದೆ. ನೆಟ್ಟಗೆ ಒಂದು ಸ್ವಿಚ್ಚು ಆರಿಸೋಕೆ ಬರಲ್ಲ ಎಂಬುದು ದಿನಾ ಕೇಳಿಸಿದೆ. ಅದನ್ನೆಲ್ಲ ಕೇಳಿಸಿಕೊಂಡು, ಟವೆಲು ಹೆಗಲಿಗೆ ಹಾಕಿ, ಬೇಕೆಂದೇ ಗೀಸರ್ ಆರಿಸದೆ ಒಳಗೆ ಹೋಗಿ, ಈ ಹುಡುಗಿ ಚಳಿಯಲ್ಲಿ ಬರಿಮೈಯಲ್ಲಿ ನಿಂತು, ಬೈದ ಅತ್ತೆಯ ಕೈ ಗೋಡೆಗೆ ಮುಟ್ಟುವುದನ್ನು ಕಾದಿದೆ. ಖುವೆಗೆ ಬೈಯಲು ಬಾಯಿ ತೆರೆದರೂ ಬೈಗುಳ ಯಾವುದೂ ಬರಲಿಲ್ಲ.

“ಮಾ,” ಎಂದಿತು ಒಳಗಿನ ದನಿ, “ಚಳಿ ಆಗ್ತಿದೆ.”

ಖುವೆ ಓಡಿದಳು. ಓಡುವಷ್ಟು ದೂರವೇನಿರಲಿಲ್ಲ, ಆದರೂ ಓಡಿದಳು. ಗೋಡೆಗೆ ಕೈ ಚಾಚಿ ಒತ್ತಿದಳು.

ಟಕ್.

“ಆರಿತಾ?” ಎಂದು ಕೂಗಿದಳು.

“ಆರಿತು ಮಾ!”

ಪೈಪು ಗುದ್ದಿತು.

ಈ ಕೂಗಾಟ ಮೆಟ್ಟಿಲಿಳಿದು ಕೆಳಗೆ ಹೋಗಿರಬೇಕು. ಸ್ಟೂಲುಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದ ಲಾಯ್, ವರ್ಷದ ಕೊನೆಯ ಸುದ್ದಿ ತಪ್ಪಿಹೋಗಬಾರದೆಂದು ಅಲ್ಲಿಂದಲೇ ದನಿಯೆತ್ತಿದಳು.

“ಏನೇ ಖುವೆ, ಈವತ್ತೂ ಗೀಸರ್ ಆರಿಸದೆ ಹೋದ್ಲಾ ನಿನ್ನ ಸೊಸೆ?”

ಖುವೆ ಕಿಟಕಿಯ ಹತ್ತಿರ ಹೋದಳು. ಮೂರನೇ ಮಹಡಿಗೂ, ಬಚ್ಚಲೊಳಗೂ ಕೇಳುವ ಹಾಗೆ ಹೇಳಿದಳು.

“ಹೌದು ಕಣೇ. ನನಗೇ ಅಂತ ಬಿಟ್ಟು ಹೋಗಿದ್ಲು.”

ಲಾಯ್‌ಗೆ ಏನು ಅರ್ಥವಾಯಿತೋ ಬಿಟ್ಟಿತೋ. ಖುವೆ ವಾಪಸು ಬಂದು ಮಣೆಯ ಮೇಲೆ ಕೂತು, ಇನ್ನೊಂದು ಪಾತ್ರೆ ನೀರು ಒಲೆಯ ಮೇಲಿಟ್ಟಳು. ಬಕೆಟ್ಟಿನ ನೀರು ಆರಿಹೋಗಿರುತ್ತದೆ. ಕಟ್ಟಿನಲ್ಲಿ ಉಳಿದಿದ್ದ ಕೊತ್ತಂಬರಿಯನ್ನು ಬೇರುಸಹಿತ ಮುರಿದು ಅದಕ್ಕೆ ಹಾಕಿದಳು.